ಶ್ರೇಣಿಯ ಲೆಕ್ಕದಲ್ಲಿ ಗುರು-ಲಘು

ವಿಶ್ವವಿದ್ಯಾಲಯದ ಅಂಕಪಟ್ಟಿಯಲ್ಲಿ ‘ಕ್ರೆಡಿಟ್’, ‘ಶ್ರೇಣಿ’ ಎಂಬ ಮಾತುಗಳು ಸೇರಿದಂದಿನಿಂದ ಪಾಲಕರಿಗಷ್ಟೇ ಅಲ್ಲ, ಅಧ್ಯಾಪಕ ಬಂಧುಗಳಿಗೂ ತೊಡಕುಂಟಾಗಿದೆ. ಛಂದಸ್ಸನ್ನು ಬಲ್ಲವರಿಗೆ ಇದು ಕಠಿಣವೆನಿಸಲಾರದು. ಬರಿಯ ಅಕ್ಷರಗಳನ್ನೆಣಿಸಿದರೆ ಮಾತ್ರಾಗಣ ಸಿದ್ಧಿಸದು. ಲಘುವಿಗೆ 1, ಗುರುವಿಗೆ 2 ಎಂದು ಮಾತ್ರೆಗಳನ್ನು ಕೂಡಿಸಬೇಕು. ಕ್ರೆಡಿಟ್ ಎಂಬುದು ವಿಷಯದ ಮಾತ್ರೆ. ಸೆಮಿಸ್ಟರ್ ಪರ್ಯಂತ ವಾರಕ್ಕೆ 1 ಗಂಟೆಯ ಪಾಠ, ಇಲ್ಲವೆ 2 ಗಂಟೆಗಳ ಪ್ರಯೋಗ ನಡೆದರೆ ಅದು 1 ಕ್ರೆಡಿಟ್.

ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2015-16ರಿಂದ ಅನುಸರಿಸಲು ಸೂಚಿಸಿದ ಮಾನದಲ್ಲಿ ಅತ್ಯುನ್ನತ ಶ್ರೇಣಿಗೆ 10, ಬರಿಯ ತೇರ್ಗಡೆಗೆ 4, ಅನುತ್ತೀರ್ಣತೆಗೆ ಸೊನ್ನೆ. 4 ಕ್ರೆಡಿಟ್ ವಿಷಯದಲ್ಲಿ 8, 2 ಕ್ರೆಡಿಟ್ ವಿಷಯದಲ್ಲಿ 10 ಬಂದರೆ ಸರಾಸರಿ 9 ಅಲ್ಲ. 32ಕ್ಕೆ 20 ಕೂಡಿಸಿ 6ರಿಂದ ಭಾಗಿಸಿದಾಗ 8.67 ದೊರೆಯುತ್ತದೆ. ಗುರುವಿನಲ್ಲಿ ಎಡವಿದುದನ್ನು ಲಘುವು ತುಂಬಿಕೊಡಲಾರದು.

ದಾನಿಗಳು ಗಮನಿಸಬೇಕಾದ ಅಂಶ ಮುಂದಿನದು. 8.67 ಎಂದೊಡನೆ ಶೇಕಡಾ 86.7 ಎಂದು ಓದಿಬಿಡುವ ರೂಢಿಯಿದೆ. ಪರಿವರ್ತನೆಯ ಸೂತ್ರ ಎಲ್ಲೆಡೆ ಒಂದೇ ಅಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು 2018ರ ಪದ್ಧತಿಯ ವಿದ್ಯಾರ್ಥಿಗಳಿಗೆ ಒಟ್ಟು ಸರಾಸರಿಯಿಂದ 0.75 ಕಳೆದು 10ರಿಂದ ಗುಣಿಸುವ ನಿಯಮವನ್ನಿರಿಸಿತು. ಅದರಂತೆ 8.67 ಎಂಬುದು ಶೇಕಡಾ 79.2. ದತ್ತಿ ವಿದ್ಯಾರ್ಥಿವೇತನಕ್ಕೆ ಶೇಕಡಾ 80ರ ಮಿತಿಯಿದ್ದರೆ ಒಬ್ಬನೇ ಬಡ ವಿದ್ಯಾರ್ಥಿ ಒಂದು ಲೆಕ್ಕದಲ್ಲಿ ಅರ್ಹ, ಇನ್ನೊಂದರಲ್ಲಿ ಅನರ್ಹ! ಅರ್ಜಿಯೊಡನೆ ಆಯಾ ವಿಶ್ವವಿದ್ಯಾಲಯದ ಪರಿವರ್ತನ ನಿಯಮವನ್ನೂ ತರಿಸಿಕೊಂಡು ನೋಡುವುದು ಯುಕ್ತ.