ಅಂದಾಜು ತೂಕದ ಕಥೆ

ದಿನ ತುಂಬುತ್ತಿರುವ ಬಸುರಿಯ ಸ್ಕ್ಯಾನಿಂಗ್ ವರದಿ ಕೈಗೆ ಬಂದರೆ ಮನೆಯವರು ಹುಡುಕುವುದು ಒಂದೇ ಸಾಲು: ಮಗುವಿನ ಅಂದಾಜು ತೂಕ. ಎರಡೂಮುಕ್ಕಾಲು ಕಿಲೊ ಎಂದಿದ್ದರೆ ಅಜ್ಜಿಯ ಮುಖ ಅರಳುತ್ತದೆ. ‘ಅಂದಾಜು’ ಎಂಬ ಪದ ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ.

ಈ ತಕ್ಕಡಿ ಹುಟ್ಟಿದ್ದು ಬಾಯ್ಲರ್ ಕಾರ್ಖಾನೆಯಲ್ಲಿ. 1955ರ ಜುಲೈನಲ್ಲಿ ಗ್ಲಾಸ್ಗೋದ ಪ್ರಸೂತಿ ಪ್ರಾಧ್ಯಾಪಕ ಇಯಾನ್ ಡೊನಾಲ್ಡ್, ಆಪರೇಷನ್ ಮಾಡಿ ತೆಗೆದ ಗರ್ಭಕೋಶದ ಗಡ್ಡೆಗಳನ್ನೂ ಅಂಡಾಶಯದ ನೀರುಗುಳ್ಳೆಗಳನ್ನೂ ಕಾರಿನ ಡಿಕ್ಕಿಗೆ ತುಂಬಿಕೊಂಡು ರೆನ್‌ಫ್ರೂ ಊರಿನ ಆ ಕಾರ್ಖಾನೆಗೆ ಹೋದರು. ಉಕ್ಕಿನೊಳಗಿನ ಬಿರುಕನ್ನು ಧ್ವನಿಯಿಂದ ಹಿಡಿಯುವ ಯಂತ್ರ ಅಲ್ಲಿತ್ತು. ಹೋಲಿಸಿ ನೋಡಲು ಕಾರ್ಖಾನೆಯವರು ದನದ ಮಾಂಸದ ದೊಡ್ಡ ತುಂಡೊಂದನ್ನು ತರಿಸಿಟ್ಟಿದ್ದರಂತೆ! ಗಟ್ಟಿ ಗಡ್ಡೆಯ ಪ್ರತಿಧ್ವನಿಯೇ ಬೇರೆ, ನೀರು ತುಂಬಿದ್ದರದೇ ಬೇರೆ. ಎಂಜಿನಿಯರ್ ಟಾಮ್ ಬ್ರೌನ್, ವೈದ್ಯ ಜಾನ್ ಮ್ಯಾಕ್‌ವಿಕಾರ್ ಜೊತೆ ಸೇರಿ ಡೊನಾಲ್ಡ್ ಈ ವಿಧಾನದ ಬಗ್ಗೆ ಬರೆದ ಲೇಖನ 1958ರ ಜೂನ್‌ನಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂತು.

ಗರ್ಭದೊಳಗಿನ ಮಗುವಿನಲ್ಲಿ ಮೊದಲು ಅಳೆದದ್ದು ತಲೆಯನ್ನು. ಆದರೆ ತಲೆ ಸುಳ್ಳು ಹೇಳಬಲ್ಲದು. ಮಾಸಿನಿಂದ ಪೋಷಣೆ ಸಾಲದಾದಾಗ ಮಗು ಮಿದುಳನ್ನು ಕಾಪಾಡಿಕೊಂಡು ಯಕೃತ್ತಿನ ಸಂಗ್ರಹವನ್ನು ಕರಗಿಸುತ್ತದೆ; ಬಡವಾಗುವುದು ಹೊಟ್ಟೆ. 1975ರಲ್ಲಿ ಸ್ಟುವರ್ಟ್ ಕ್ಯಾಂಪ್‌ಬೆಲ್ ಹೊಟ್ಟೆಯ ಸುತ್ತಳತೆಯಿಂದ ತೂಕ ಲೆಕ್ಕಹಾಕಿದ್ದು ಅದಕ್ಕೇ. ಎರಡು ವರ್ಷದ ನಂತರ ಡಬ್ಲಿನ್‌ನಲ್ಲಿ ಹೊಕ್ಕುಳಬಳ್ಳಿಯ ರಕ್ತದ ಹರಿವನ್ನು ಚಲನೆಯನ್ನು ಪ್ರತಿಧ್ವನಿಯಿಂದ ಗುರುತಿಸುವ ಡಾಪ್ಲರ್ ವಿಧಾನದಿಂದ ಆಲಿಸಿದರು. ಅಪಾಯವಿರುವ ಬಸಿರಿನಲ್ಲಿ ಈ ಡಾಪ್ಲರ್ ಮಕ್ಕಳ ಜೀವ ಉಳಿಸಿದೆ. ನನ್ನ ಮಟ್ಟಿಗೆ ಇಡೀ ಕಥೆಯ ದೊಡ್ಡ ಗೆಲುವು ಇದೇ.

ಹಾಗಾದರೆ ಎಲ್ಲ ಬಸುರಿಯರಿಗೂ ಕೊನೆಯ ತಿಂಗಳುಗಳಲ್ಲಿ ಸ್ಕ್ಯಾನ್ ಮಾಡಿದರೆ? ಕೇಂಬ್ರಿಡ್ಜ್‌ನಲ್ಲಿ ಚೊಚ್ಚಲ ಬಸಿರಿನ ಸುಮಾರು 4,000 ಹೆಂಗಸರಿಗೆ ಹಾಗೆ ಮಾಡಿ, ಅಳತೆಗಳನ್ನು ತಾಯಿಗಾಗಲಿ ವೈದ್ಯರಿಗಾಗಲಿ ತಿಳಿಸದೆ ಹೆರಿಗೆಯವರೆಗೆ ಕಾದರು. 2015ರಲ್ಲಿ ಪ್ರಕಟವಾದ ಫಲಿತಾಂಶ: ವೈದ್ಯರು ಬೇಕೆಂದಾಗ ಮಾತ್ರ ಮಾಡುವ ಸ್ಕ್ಯಾನ್‌ನಲ್ಲಿ ಚಿಕ್ಕ ಮಕ್ಕಳಲ್ಲಿ ನೂರಕ್ಕೆ 20 ಮಂದಿ ಪತ್ತೆಯಾದರೆ, ಎಲ್ಲರಿಗೂ ಮಾಡಿದಾಗ 57. ಜೊತೆಗೆ ಆರೋಗ್ಯವಾಗಿದ್ದ ಎಷ್ಟೋ ಮಕ್ಕಳಿಗೂ ‘ಚಿಕ್ಕದು’ ಎಂಬ ಹಣೆಪಟ್ಟಿ ಬಿತ್ತು. ನಿಜವಾಗಿ ತೊಂದರೆಗೆ ಸಿಲುಕುವ ಸಾಧ್ಯತೆ ಹೆಚ್ಚಿದ್ದದ್ದು, ಚಿಕ್ಕದಾಗಿರುವುದರ ಜೊತೆಗೆ ಹೊಟ್ಟೆ ಬೆಳೆಯುವ ವೇಗವೂ ಕುಂದಿದ್ದ ಮಕ್ಕಳಿಗೆ.

ವೇಗ ತಿಳಿಯಲು ಒಂದು ವರದಿ ಸಾಲದು. ತೂಕದ ಅಂದಾಜಂತೂ ನೂರಕ್ಕೆ ಹತ್ತು–ಹದಿನೈದರಷ್ಟು ಆಚೀಚೆ ಆಗುವುದು ಮಾಮೂಲು. ಮೂರು ಕಿಲೊ ಮಗುವಿಗೆ ಅದು ಮುನ್ನೂರರಿಂದ ನಾನೂರೈವತ್ತು ಗ್ರಾಂ. ಆದ್ದರಿಂದ ಸ್ಕ್ಯಾನಿಂಗ್‌ಗೆ ಹೊರಡುವಾಗ ಹಿಂದಿನ ವರದಿಗಳನ್ನೆಲ್ಲ, ಮರೆಯದೆ ಮೊದಲ ಮೂರು ತಿಂಗಳೊಳಗಿನದನ್ನೂ, ತಾಯಿ ಕಾರ್ಡಿನ ಜೊತೆ ಚೀಲದಲ್ಲಿಟ್ಟುಕೊಳ್ಳಿ.