ಮಂದಗತಿಯ ಗಣಕಯಂತ್ರ

ಪರೀಕ್ಷೆಗೆ ಹದಿನೈದು ದಿನಗಳಿರುವಾಗ ನಮ್ಮ ಮನೆಯ ಗಣಕಯಂತ್ರವು ಇದ್ದಕ್ಕಿದ್ದಂತೆ ಮಂದವಾಯಿತು. ಒಂದು ಫೈಲು ತೆರೆಯುವಷ್ಟರಲ್ಲಿ ಅಮ್ಮ ಕಾಫಿ ಕಾಸಿ ತಂದಿರುತ್ತಿದ್ದರು. ವೈರಸ್ಸೆಂದು ತಮ್ಮ, ಹೊಸದನ್ನೇ ಕೊಳ್ಳಿರೆಂದು ನೆರೆಯವರು!

ರೋಗವನ್ನರಿಯದೆ ಮದ್ದು ಕೊಡಬಾರದಷ್ಟೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದೆನು. ವಿಂಡೋಸಿನ ಟಾಸ್ಕ್ ಮ್ಯಾನೇಜರ್ ತೆರೆಯಿತು. ಯಂತ್ರದ ಯಾವ ಭಾಗಕ್ಕೆ ಶೇಕಡಾ ಎಷ್ಟು ಹೊರೆಯೆಂಬುದನ್ನು ಅದು ತೋರಿಸುತ್ತದೆ. ಪ್ರೊಸೆಸರು, ಮೆಮೊರಿ ಎರಡೂ ಹಗುರವಾಗಿದ್ದುವು. ಡಿಸ್ಕು ಮಾತ್ರ 100. ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದರೂ ಅದು ಇಳಿಯಲಿಲ್ಲ.

ಹಾರ್ಡ್ ಡಿಸ್ಕಿನಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 5400 ಇಲ್ಲವೆ 7200 ಸುತ್ತು ತಿರುಗುವ ತಟ್ಟೆಗಳಿರುತ್ತವೆ. ತಟ್ಟೆ ಕೆಟ್ಟ ಕಡೆಯಲ್ಲಿ ಡಿಸ್ಕು ಮತ್ತೆ ಮತ್ತೆ ಓದಲು ಹೆಣಗುತ್ತದೆ. ಆ ಹೆಣಗಾಟವೇ ನಮಗೆ ಮಂದತನವಾಗಿ ಕಾಣುತ್ತದೆ. ಆದುದರಿಂದ ದುರಸ್ತಿಗೆ ಕೈಹಾಕುವ ಮುನ್ನ ನನ್ನ ಪ್ರಬಂಧವನ್ನೂ ತೀರಿಹೋದ ಅಜ್ಜಿಯ ಚಿತ್ರಗಳನ್ನೂ ಪೆನ್‌ಡ್ರೈವಿಗೆ ಇಳಿಸಿಕೊಂಡೆನು. ಮೂರನೆಯ ದಿನ ಡಿಸ್ಕು ಶಾಶ್ವತ ಮೌನ ತಾಳಿತು!

ತಿರುಗುವ ತಟ್ಟೆಯೇ ಇಲ್ಲದ ಎಸ್.ಎಸ್.ಡಿ.ಯನ್ನು ಹಾಕಿಸಿದ ಮೇಲೆ ಹಳೆಯ ಯಂತ್ರವೇ ಚುರುಕಾಗಿ ಓಡುತ್ತಿದೆ.

ಮಿತ್ರರೇ, ಎಲ್ಲ ಮಂದತನವೂ ಮರಣಸೂಚನೆಯಲ್ಲ. ಮೆಮೊರಿ ತುಂಬಿದ್ದರೆ ಬೇಡದ ಕಿಟಕಿಗಳನ್ನು ಮುಚ್ಚಿದರೆ ಸಾಕು. ಆದರೆ ಡಿಸ್ಕಿನ ಮೇಲೆ ಸಂಶಯ ಬಂದರೆ ಮೊದಲು ನಕಲು, ಅನಂತರ ಚಿಕಿತ್ಸೆ. ಯಂತ್ರವನ್ನು ಕೊಳ್ಳಬಹುದು, ಅಜ್ಜಿಯ ನಗುವನ್ನು ಕೊಳ್ಳಲಾದೀತೆ?