ಇಬ್ಬರಿಗೆ ಎಷ್ಟು ಮನೆ ಬೇಕು?

ಮಗಳ ಮದುವೆಯಾಯಿತು, ಮಗ ಬೆಂಗಳೂರು ಸೇರಿದ. ನಮ್ಮ ಒಂಬತ್ತು ಅಂಕಣದ ಮಾಳಿಗೆ ಮನೆಯಲ್ಲಿ ಉಳಿದದ್ದು ನಾವಿಬ್ಬರು, ಮಿಕ್ಕಿದ್ದೆಲ್ಲ ಇಲಿ ಹೆಗ್ಗಣ. ಪ್ರತಿ ವರ್ಷ ಮಳೆಗೆ ಮುಂಚೆ ಮಾಳಿಗೆಗೆ ಸೌಳು ಮಣ್ಣು ಹೊತ್ತು ಹಾಕಬೇಕು. "ಗುಡಿಸಿ ಗುಡಿಸಿ ಸಾಕಾಯ್ತು, ಇಬ್ರಿಗೆ ಆಗೋವಷ್ಟು ಮನೆ ಸಾಕು ಕಣ್ರೀ" ಅಂದಳು ನನ್ನಾಕೆ.

ನಮ್ಮದು ಪಾವಗಡ ಸೀಮೆ. ಕಡಲೇಕಾಯಿ, ತೊಗರಿ ಬೆಳೆಯುವ ಖುಷ್ಕಿ ಹೊಲ. 2021ರಲ್ಲಿ ಹೊಲದಲ್ಲೇ 450 ಚದರಡಿಯ ಮನೆ ಕಟ್ಟಿದೆವು. ಹೊಲದ ನಡುವೆ ಕಟ್ಟಬೇಕೆಂಬುದು ನನ್ನ ಆಸೆ. "ರಾತ್ರಿ ಹುಷಾರು ತಪ್ಪಿದ್ರೆ ಯಾರನ್ನ ಕೂಗೋದು?" ಅಂತ ಆಕೆ ಹಠ ಹಿಡಿದಳು. ಊರ ಅಂಚಿಗೆ, ದಾರಿ ಪಕ್ಕಕ್ಕೇ ಕಟ್ಟಿದೆವು. ಮರುವರ್ಷವೇ ನನಗೆ ನಡುರಾತ್ರಿ ಎದೆನೋವು ಬಂತು. ಆಕೆಯ ಕೂಗು ಪಕ್ಕದವರಿಗೆ ಕೇಳಿಸಿತು, ಗಾಡಿ ಬಾಗಿಲಿಗೇ ಬಂತು. ಅದಕ್ಕೇ ಇವತ್ತು ಇದನ್ನು ಬರೆಯಲು ನಾನಿದ್ದೇನೆ.

ಗೋಡೆ

ಗೋಡೆಗೆ ಹೊಲದ್ದೇ ಕೆಂಪು ಮಣ್ಣು. ಮೇಲ್ಮಣ್ಣು ಸರಿಸಿ, ಒಳಗಿನ ಮಣ್ಣನ್ನು ಜರಡಿ ಹಿಡಿದು, ನೂರು ಪಾಲಿಗೆ 7 ಪಾಲು ಸಿಮೆಂಟ್ ಬೆರೆಸಿ ಬಾಡಿಗೆ ಯಂತ್ರದಲ್ಲಿ ಇಟ್ಟಿಗೆ ಒತ್ತಿದೆವು. ಸುಡುವ ಹಾಗಿಲ್ಲ, ಸೌದೆ ಉಳಿಯಿತು. ಆದರೆ 21 ದಿನ ನೀರು ಹಾಕಲೇಬೇಕು. ಎರೆಮಣ್ಣಿನವರು ಇದಕ್ಕೆ ಕೈ ಹಾಕಬೇಡಿ, ಒಣಗಿದರೆ ಬಿರಿಯುತ್ತದೆ. ತೊಲೆ, ಬಾಗಿಲು ಹಳೇ ಮನೆಯವು. ಹೆಂಚೂ ಹಳೆಯದೇ ಕೊಂಡೆವು. ನೀರಿನ ತೊಟ್ಟಿ ಸೇರಿ 4 ಲಕ್ಷ 80 ಸಾವಿರ ಖರ್ಚಾಯಿತು.

ನೀರು

ನಮ್ಮ ಬೋರಿನ ನೀರಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಕುಡಿಯಬಾರದು. ಕಾಯಿಸಿದರೆ ಅದು ಹೋಗುವುದೂ ಇಲ್ಲ. ಅದಕ್ಕೇ ಮಳೆನೀರು ಹಿಡಿದೆವು. ಒಂದು ಚದರ ಮೀಟರ್ ಸೂರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಜಗಲಿ ಸೇರಿ ನಮ್ಮ ಸೂರು 55 ಚದರ ಮೀಟರ್. ವರ್ಷಕ್ಕೆ 500 ಮಿಲಿಮೀಟರ್ ಮಳೆ ಅಂದುಕೊಂಡು, ಪೋಲಾದದ್ದು ಕಳೆದರೂ 20 ಸಾವಿರ ಲೀಟರ್ ಸಿಗುತ್ತದೆ. ಕುಡಿಯಲು, ಅಡಿಗೆಗೆ ಇಬ್ಬರಿಗೆ ದಿನಕ್ಕೆ 20 ಲೀಟರ್ ಸಾಕು. 10 ಸಾವಿರ ಲೀಟರಿನ ತೊಟ್ಟಿ ತುಂಬಿದರೆ ವರ್ಷ ದಾಟುತ್ತದೆ.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಪಡುವಣ ಬಿಸಿಲಿಗೆ ಮರೆಯಾಗಲಿ ಅಂತ ಹಳೇ ಹೊಂಗೆ ಮರದ ಮಗ್ಗುಲಿಗೇ ಮನೆ ಕಟ್ಟಿದ್ದೆ. ಮೊದಲ ವರ್ಷ ಎಲೆ, ಹಕ್ಕಿ ಹಿಕ್ಕೆ ತೊಟ್ಟಿಗಿಳಿದು ನೀರು ನಾತ ಹೊಡೆಯಿತು. ಅಷ್ಟೂ ಗಿಡಗಳ ಪಾಲಾಯಿತು. ಈಗ ಸೂರಿನ ಮೇಲಿದ್ದ ಕೊಂಬೆ ಸವರಿದ್ದೇನೆ. ಮಳೆಗಾಲಕ್ಕೆ ಮುಂಚೆ ಸೂರು ತೊಳೆದು, ಮೊದಲ ಮಳೆಯ ನೀರು ಹೊರಗೆ ಬಿಡುತ್ತೇವೆ. ಸೋಸಿ, ಕಾಯಿಸಿ ಕುಡಿಯುತ್ತೇವೆ. ಬಚ್ಚಲ ನೀರು ನುಗ್ಗೆ, ಕರಿಬೇವು, ನಿಂಬೆಗೆ.

ಜಗಲಿ

"ಹಬ್ಬಕ್ಕೆ ಬಂದ್ರೆ ನಾವೆಲ್ಲಿ ಮಲಗೋದು?" ಅಂತ ಮಗ ಮುನಿಸಿಕೊಂಡ. ಎಂಟಡಿ ಅಗಲದ ಜಗಲಿ ಬಿಟ್ಟೆವು. ನಮ್ಮಪ್ಪ ಹಳೇ ಮನೆಗೆ ಹಾಕಿಸಿದ್ದ ನಡುತೊಲೆ ಇಳಿಸುವಾಗ ನನ್ನ ಕಣ್ಣಲ್ಲಿ ನೀರು ಬಂದಿತ್ತು. ಅದೇ ತೊಲೆ ಈಗ ಜಗಲಿಗೆ ಆಧಾರ. ಮೊಮ್ಮಕ್ಕಳು ಬಂದರೆ ಅದರಡಿಯಲ್ಲೇ ಸಾಲಾಗಿ ಮಲಗುತ್ತವೆ.

ನಮ್ಮ ವಯಸ್ಸಿನವರಿಗೆ ಒಂದು ಮಾತು. ಕೈಕಾಲು ಗಟ್ಟಿಯಿರುವಾಗಲೇ ಕಟ್ಟಿ. ಜಾಗ ಗುರುತಿಸುವಾಗ ಮನೆಯಾಕೆಯ ಮಾತು ಮೊದಲು ಕೇಳಿ.